ಡಿಬ್ಬೆನ್ ಮನೆಯ ಮಾಡಿನ ಮೇಲೆ ಕೂತದ್ದು ಯಾರು?

ನೆದರ್ ಕಾಂಬ್ ಎಂಬ ಊರಿನಲ್ಲಿ ನೆಟ್ಟಗೆ ನಿಂತ ಗೋಡೆ ಹುಡುಕಿದರೂ ಸಿಗುವುದಿಲ್ಲ. ನಾಲ್ಕು ಶತಮಾನದಿಂದ ಅಲ್ಲಿನ ಓಕ್ ಮರದ ಕಂಬಗಳು ಒಣಗುತ್ತ, ತಿರುಚಿಕೊಳ್ಳುತ್ತ, ತಮ್ಮ ಭಾರವನ್ನು ಪಕ್ಕದ ಕಂಬದ ಮೇಲೆ ಹೇರುತ್ತ ಬಂದಿವೆ. ಕಂಬಗಳ ನಡುವಿನ ತಡಿಕೆಗೋಡೆಗಳು ಹಬ್ಬದೂಟ ಮುಗಿಸಿದ ಹೊಟ್ಟೆಯ ಹಾಗೆ ಮುಂದಕ್ಕೆ ಬಂದಿವೆ. ಮೇಲಿನ ಹುಲ್ಲಿನ ಮಾಡು ಹುಬ್ಬಿನ ತನಕ ಎಳೆದುಕೊಂಡ ಟೋಪಿಯಂತೆ ಕಿಟಕಿಗಳ ಮೇಲೆ ಇಳಿಬಿದ್ದಿದೆ. ದೂರದಿಂದ ನೋಡಿದರೆ ಬೀದಿಯ ಮನೆಗಳೆಲ್ಲ ಪಕ್ಕದ ಮನೆಯ ಮಾತು ಕದ್ದು ಕೇಳಲು ಬಾಗಿ ನಿಂತ ಹಾಗಿದೆ. ಒಳಗಿರುವವರೂ ಮನೆಗೆ ತಕ್ಕವರೇ. ಯಾರಾದರೂ ಹೊಸ ಕೋಟು ತೊಟ್ಟು ಹೊರಟರೆ "ಚೆನ್ನಾಗಿದೆ" ಎನ್ನುವ ಮೊದಲು "ಈಗ್ಯಾಕೆ ತೊಟ್ಟಿರಬಹುದು?" ಎಂದು ಯೋಚಿಸುವ ಜನ.

ಇಂಥ ಊರಿನಲ್ಲಿ ಆಂಬ್ರೋಸ್ ಡಿಬ್ಬೆನ್ ತನ್ನ ಮಾಡಿನ ಮೇಲೊಂದು ಪ್ರಾಣಿಯನ್ನು ಕೂರಿಸಲು ಹೊರಟ.

ಡಿಬ್ಬೆನ್ ಕೆಟ್ಟವನಲ್ಲ. ಪ್ರಯಾಣಿಕರು ರೈಲಿನಲ್ಲಿ ಬಿಟ್ಟುಹೋದ ಸಾಮಾನುಗಳ ಕಚೇರಿಯಲ್ಲಿ ಇಡೀ ಆಯುಷ್ಯ ಕೂತು ನಿವೃತ್ತನಾದವನು. ಯಾರಾದರೂ ಬಂದು "ನನ್ನ ಕೊಡೆ ಕಪ್ಪು" ಎಂದರೆ "ಹೌದು, ಕಪ್ಪು" ಎನ್ನಬೇಕು. "ಅಲ್ಲ, ಕಂದು" ಎಂದರೆ "ಹೌದು, ಕಂದೇ" ಎನ್ನಬೇಕು. ಈ ಸೇವೆಯಿಂದ ಅವನಿಗೆ ಎರಡು ಗುಣ ಅಂಟಿಕೊಂಡಿದ್ದವು. ಸಿಟ್ಟಾಗಿ ಬಂದವರಿಗೆ ಬಾಯಿಗೆ ಬಂದದ್ದನ್ನು ಹೇಳಿ ಸಮಾಧಾನ ಮಾಡಿ ಕಳಿಸುವುದು ಒಂದು. ಹಾಗೆ ಹೇಳಿದ್ದರಿಂದ ಮುಂದೇನಾಗುತ್ತದೆ ಎಂದು ಯೋಚಿಸದಿರುವುದು ಇನ್ನೊಂದು.

ಅವನಿಗಿದ್ದ ಒಂದೇ ಜಂಬ ಅವನ ಮನೆ. ಒಲೆಯ ಮೇಲಿನ ದೊಡ್ಡ ತೊಲೆಯನ್ನು ಎಮ್ಮೆಯ ಬೆನ್ನು ತಟ್ಟುವ ಹಾಗೆ ತಟ್ಟಿ, "ಇದು ನಾನೂರು ವರ್ಷದ ಹಿಂದೆ ನಮ್ಮ ಕಡಲಲ್ಲಿ ಒಡೆದುಹೋದ ಸ್ಪೇನಿನವರ ಯುದ್ಧದ ಹಡಗಿನದು" ಎನ್ನುತ್ತಿದ್ದ. ಊರಿನ ಪ್ರತಿಯೊಬ್ಬರೂ ತಮ್ಮ ತಮ್ಮ ತೊಲೆ ತಟ್ಟಿ ಅದನ್ನೇ ಹೇಳುತ್ತಿದ್ದರು. ಇವರ ಮಾತು ನಂಬುವುದಾದರೆ ಆ ಕಾಲದ ಸಮುದ್ರದಲ್ಲಿ ನೀರಿಗಿಂತ ಮರವೇ ಜಾಸ್ತಿ ಇದ್ದಿರಬೇಕು. ಆದರೆ ಎದುರುಮನೆಯ ಗಿಲ್ಬರ್ಟ್ ಲೆಗ್‌ಗೆ ಒಂದು ಹೆಚ್ಚುಗಾರಿಕೆ ಇತ್ತು. ಲೆಗ್ ಮಾಂಸದ ಅಂಗಡಿ ಇಟ್ಟವನು, ಊರಿನ ಪಂಚಾಯಿತಿಗೆ ಅಧ್ಯಕ್ಷ. ಅವನ ಮಾಡಿನ ನೆತ್ತಿಯ ಮೇಲೆ ಹುಲ್ಲಿನಲ್ಲಿ ಕಟ್ಟಿದ ಕಾಡುಕೋಳಿಯೊಂದು ಬಾಲ ಚಾಚಿ ಕೂತಿತ್ತು. ಡಿಬ್ಬೆನ್ ಬೆಳಿಗ್ಗೆ ಚಹಾ ಹಿಡಿದು ಕಿಟಕಿಗೆ ಬಂದರೆ ಆ ಕೋಳಿ ತನ್ನ ಹಿಂಭಾಗವನ್ನು ತೋರಿಸುತ್ತಿತ್ತು. ವರ್ಷಗಟ್ಟಲೆ ಒಂದು ಕೋಳಿಯ ಹಿಂಭಾಗ ನೋಡಿದವನಿಗೆ ಎಂಥ ಆಸೆ ಹುಟ್ಟೀತು ಎಂಬುದನ್ನು ನೋಡದವರು ಊಹಿಸಲಾರರು. ಡಿಬ್ಬೆನ್‌ಗೆ ನವಿಲು ಬೇಕೆನಿಸಿತು.

ಆ ವರ್ಷ ಅವನ ಮಾಡಿನ ನೆತ್ತಿಯ ಹುಲ್ಲು ಸವೆದು, ಹೊಸದು ಹೊದಿಸುವ ಸರದಿ ಬಂತು. ಹುಲ್ಲು ಹೊದಿಸುವ ಜೆಮ್ ರೈಡ್‌ಔಟ್ ಏಣಿ ತಂದು ಒರಗಿಸಿದ. ಹುಲ್ಲು ಜಾರದಂತೆ ಚುಚ್ಚುವ ಹೇಜಲ್ ಗಿಡದ ಕಡ್ಡಿಗಳನ್ನು ಅವನು ಸದಾ ಬಾಯಲ್ಲೇ ಕಚ್ಚಿಕೊಂಡಿರುತ್ತಿದ್ದ. ಹಾಗಾಗಿ ಅವನ ಮಾತೆಂದರೆ ಮೂಗಿನಿಂದ ಬಂದಷ್ಟೇ.

"ಜೆಮ್, ಎಲ್ಲಾ ಮುಗಿದ ಮೇಲೆ ಆ ತುದೀಲಿ ಒಂದು... ಗೊತ್ತಲ್ಲ... ಒಂದು ಇರ್ಲಿ," ಎಂದ ಡಿಬ್ಬೆನ್, ಏಣಿಯ ಅರ್ಧಕ್ಕೆ ಹತ್ತಿ.

"ಹ್ಞಾಂ?"

ಕೆಳಗೆ ಹೆಂಡತಿ ವಿನ್ನಿ ಬಟ್ಟೆ ಒಣಹಾಕುತ್ತಿದ್ದಳು. ನವಿಲು ಎಂಬ ಮಾತು ಕಿವಿಗೆ ಬಿದ್ದರೆ ಅವಳು ಬೀದಿಗೆಲ್ಲ ಕೇಳುವ ಹಾಗೆ ನಗುತ್ತಾಳೆಂದು ಡಿಬ್ಬೆನ್‌ಗೆ ಗೊತ್ತಿತ್ತು. ಅದಕ್ಕೆ ಅವನು ಬಾಯಿ ಬಿಡದೆ ಕತ್ತು ಉದ್ದ ಮಾಡಿ, ಒಂದು ಕೈಯನ್ನು ಬೆನ್ನ ಹಿಂದೆ ಬೀಸಣಿಗೆಯಂತೆ ಅಗಲಿಸಿ, ಕಣ್ಣು ಮಿಟುಕಿಸಿದ.

"ಹ್ಞೂಂ," ಎಂದ ಜೆಮ್.

"ತಿಳೀತು ತಾನೆ?"

"ಹ್ಞೂಂ."

ವಾರದ ಕೊನೆಗೆ ಸುರಿಯುವ ಮಳೆಯಲ್ಲೇ ಜೆಮ್ ಕೆಲಸ ಮುಗಿಸಿದ. ಏಣಿಯನ್ನು ಗಾಡಿಗೆ ಹೇರಿಕೊಂಡು ದೂರದ ಡೆವನ್ ಕಡಲತೀರದ ಯಾವುದೋ ಊರಿನ ಮನೆಗಳಿಗೆ ಹುಲ್ಲು ಹೊದಿಸಲು ಹೊರಟುಹೋದ. ಮಳೆ ನಿಂತ ಮೇಲೆ ಗಂಡ ಹೆಂಡತಿ ಅಂಗಳಕ್ಕೆ ಬಂದು ತಲೆ ಎತ್ತಿದರು.

ಮಾಡಿನ ನೆತ್ತಿಯ ಮೇಲೆ ಏನೋ ಕೂತಿತ್ತು. ಕಾಲು ನಾಲ್ಕೆಂದರೆ ನಾಲ್ಕು, ಎರಡೆಂದರೆ ಎರಡು. ಮುಂದಿನ ಚೂಪು ಮೂಗೋ ಕೊಕ್ಕೋ, ತಲೆಯ ಮೇಲೆ ನಿಗುರಿದ್ದು ಕಿವಿಯೋ ಜುಟ್ಟೋ ಹೇಳುವ ಹಾಗಿರಲಿಲ್ಲ. ಹಿಂದುಗಡೆ ಪೊದೆಯಂಥದ್ದೊಂದು. ಹಕ್ಕಿಗಳು ಹುಲ್ಲು ಕೀಳದಿರಲಿ ಎಂದು ಮೈಗೆಲ್ಲ ತಂತಿಬಲೆ ಸುತ್ತಿದ್ದರಿಂದ, ಯಾವುದೋ ಅಪರಾಧಕ್ಕೆ ಸೆರೆ ಸಿಕ್ಕ ಜೀವದಂತೆ ಕಾಣುತ್ತಿತ್ತು.

"ಆಂಬ್ರೋಸ್, ಏನದು?" ಎಂದಳು ವಿನ್ನಿ.

"ಅದು... ಸಂಪ್ರದಾಯ."

"ಯಾವ ಪ್ರಾಣಿ ಅಂತ ಕೇಳ್ದೆ."

"ಸಾಂಪ್ರದಾಯಿಕ ಪ್ರಾಣಿ," ಎಂದು ಡಿಬ್ಬೆನ್ ಒಳಗೆ ಹೋದ.

ಮಾರನೆಯ ಬೆಳಿಗ್ಗೆ ಪಕ್ಕದ ಮನೆಯ ಮಿಸ್ ಹೆಸ್ಟರ್ ಸ್ಯಾಮ್‌ವೇಸ್ ಬಂದಳು. ಒಂಟಿ ಹೆಂಗಸು. ಕೋಳಿ ಸಾಕಿ ಊರಿಗೆಲ್ಲ ಮೊಟ್ಟೆ ಮಾರುವವಳು. ಡಿಬ್ಬೆನ್ ಮನೆಯ ಬಾಗಿಲ ಮೇಲಿನ ಅಡ್ಡತೊಲೆಗೆ ಹಣೆ ಬಡಿದುಕೊಳ್ಳದೆ ಒಳಗೆ ಬರುವಷ್ಟು ಕುಳ್ಳಿ ಊರಿನಲ್ಲಿ ಅವಳೊಬ್ಬಳೇ.

"ಮಿಸ್ಟರ್ ಡಿಬ್ಬೆನ್, ಆ ನರಿ ಯಾಕೆ ನನ್ನ ಕೋಳಿಗೂಡಿನ ಕಡೇನೇ ನೋಡ್ತಿದೆ?"

"ನರಿನಾ? ಎಲ್ಲಿ?" ಡಿಬ್ಬೆನ್ ಒಲೆಯ ಬಳಿಯ ಸಲಾಕೆ ಹಿಡಿದು ಎದ್ದ.

"ನಿಮ್ಮ ಮಾಡಿನ ಮೇಲೆ! ನಂಗೇನು ತಿಳಿಯೋದಿಲ್ಲ ಅಂದ್ಕೊಂಡ್ರಾ? ನನ್ನ ಕೋಳಿಗಳು ಮೊಟ್ಟೆ ಇಡೋದು ನಿಲ್ಲಿಸಿವೆ, ನಾನು ಮಾರೋದೆಲ್ಲ ಪಟ್ಟಣದ ವ್ಯಾನಲ್ಲಿ ಬಂದಿದ್ದು ಅಂತ ತಾನೆ ಆ ನರಿ ಊರಿಗೆಲ್ಲ ಸಾರ್ತಿರೋದು? ಆ ವ್ಯಾನ್ ಬರೋದು ನೋಡಿದ್ದು ಯಾರು? ನೀವಾ, ನಿಮ್ಮ ಹೆಂಡ್ತಿನಾ?"

ಡಿಬ್ಬೆನ್‌ಗೆ ವ್ಯಾನಿನ ವಿಷಯ ಗೊತ್ತೇ ಇರಲಿಲ್ಲ. ಅಂದು ಬೆಳಿಗ್ಗೆಯೂ ಅವನು "ಹಿತ್ತಿಲ ಕೋಳಿ ಮೊಟ್ಟೆಯ ರುಚಿಯೇ ಬೇರೆ" ಎಂದು ಎರಡು ತಿಂದು ಎದ್ದಿದ್ದ. ಆದರೆ ಎದುರಿಗೆ ನಿಂತವರು ಸಿಟ್ಟಾಗಿದ್ದರು. ಅವನ ಕಸುಬಿನ ಬುದ್ಧಿ ಎಚ್ಚರವಾಯಿತು.

"ಛೇ ಛೇ, ನರಿ ಎಲ್ಲಿ ಬಂತು? ಅದು ಕುದುರೆ."

"ಕುದುರೆನಾ?"

"ಕುದುರೆ. ಬಾಲ ನೋಡಿ, ಎಷ್ಟು ದಪ್ಪ! ಹಳೇ ಕಾಲದ ಯುದ್ಧದ ಕುದುರೆ."

ಮಿಸ್ ಸ್ಯಾಮ್‌ವೇಸ್ ಹೊರಗೆ ಹೋಗಿ ಕತ್ತು ವಾರೆ ಮಾಡಿ ನೋಡಿದಳು. ಕುದುರೆಯೆಂದು ನೋಡಿದರೆ ಕುದುರೆಯೇ. ಅವಳ ಮನಸ್ಸು ಹಗುರಾಯಿತು. ಹಗುರಾದ ಮನಸ್ಸಿನಲ್ಲಿ ಸುದ್ದಿ ನಿಲ್ಲುವುದಿಲ್ಲವಾದ್ದರಿಂದ ನೇರವಾಗಿ ಲೆಗ್‌ನ ಅಂಗಡಿಗೆ ಹೋಗಿ ಹೇಳಿದಳು.

ಮಧ್ಯಾಹ್ನ ಡಿಬ್ಬೆನ್ ದಂಪತಿ ಊಟಕ್ಕೆ ಕೂತಿದ್ದರು. ಬಾಗಿಲಲ್ಲಿ ದಡ್ಡನೆ ಸದ್ದಾಯಿತು. ಲೆಗ್‌ನ ಹಣೆ ತೊಲೆಗೆ ಬಡಿದ ಸದ್ದು ಅದು. ಹಣೆಯ ಹಿಂದೆಯೇ ಲೆಗ್‌ನೂ ಬಂದ. ಮೈಮೇಲೆ ರಕ್ತದ ಕಲೆಯ ಏಪ್ರನ್, ಕೈಯಲ್ಲಿ ಮರೆತು ತಂದ ಕತ್ತಿ.

"ಕುದುರೆಯಂತೆ! ಮಾಂಸದಂಗಡಿ ಎದುರಿಗೆ ಕುದುರೆ ಕೂರಿಸ್ತೀಯೇನಯ್ಯಾ ಡಿಬ್ಬೆನ್?"

"ಅದ್ರಲ್ಲಿ ತಪ್ಪೇನಿದೆ ಗಿಲ್ಬರ್ಟ್..."

"ತಪ್ಪೇನಿದೆಯಾ! ಸಾಸೇಜಿನ ವಿಷಯ ನಿಂಗೆ ಯಾರು ಹೇಳಿದ್ದು, ಅದನ್ನ ಹೇಳು ಮೊದ್ಲು. ಅದು ಯುದ್ಧದ ಕಾಲ ಕಣಯ್ಯಾ! ಹಂದಿ ಎಲ್ಲಿತ್ತು? ದನ ಎಲ್ಲಿತ್ತು? ಒಂದೇ ಒಂದ್ಸಲ ಸೇರಿಸಿದ್ದು. ಅದೂ ಮುದಿ ಕುದುರೆ. ತಾನಾಗೇ ಸತ್ತಿತ್ತು!"

ವಿನ್ನಿ ತನ್ನ ತಟ್ಟೆಯಲ್ಲಿದ್ದ ಸಾಸೇಜನ್ನು ನೋಡಿದಳು. ಮುಳ್ಳುಚಮಚವನ್ನು ಮೆಲ್ಲಗೆ ಕೆಳಗಿಟ್ಟಳು.

"ಕುದುರೆ ಅಲ್ವೇ ಅಲ್ಲ ಮಾರಾಯಾ!" ಎಂದ ಡಿಬ್ಬೆನ್, ಕತ್ತಿಯ ಮೇಲಿನ ಕಣ್ಣು ತೆಗೆಯದೆ. "ಅದು ಮೊಲ. ಕಿವಿ ನೋಡಲ್ಲಿ. ಯಾವ ಕುದುರೆಗೆ ಅಷ್ಟುದ್ದ ಕಿವಿ ಇರ್ತಾವೆ?"

"ಕಿವಿ..." ಲೆಗ್ ಕಿಟಕಿಗೆ ಬಾಗಿ ನೋಡಿದ. ಅವನ ಮುಖ ನಿಧಾನವಾಗಿ ಅರಳಿತು. "ಓಹೋ! ಉದ್ದ ಕಿವಿ! ಯಾರ್ದು ಅಂತ ಗೊತ್ತಾಯ್ತು ಬಿಡು. ಭಲೇ ಡಿಬ್ಬೆನ್!" ಎಂದು ಬೆನ್ನು ತಟ್ಟಿ, ಹೋಗುವಾಗ ಅದೇ ತೊಲೆಗೆ ಇನ್ನೊಮ್ಮೆ ಹಣೆ ಬಡಿದುಕೊಂಡು, ಅಂಚೆ ಕಚೇರಿಯ ಕಡೆ ಹೋದ.

ಅಂಚೆ ಕಚೇರಿಯ ಮಿಸೆಸ್ ಹ್ಯಾಲೆಟ್ ಊರಿನ ಟೆಲಿಫೋನ್ ತಂತಿಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸವನ್ನೂ ನೋಡಿಕೊಳ್ಳುತ್ತಿದ್ದಳು. ಚಹಾದ ಹೊತ್ತಿಗೆ ಅವಳು ಡಿಬ್ಬೆನ್‌ನ ಅಡುಗೆಮನೆಯಲ್ಲಿ ಹಣೆ ಉಜ್ಜಿಕೊಳ್ಳುತ್ತ ನಿಂತಿದ್ದಳು.

"ಉದ್ದ ಕಿವಿಯಂತೆ, ಮೊಲವಂತೆ! ನಾನು ಯಾರ ಮಾತನ್ನೂ ಕದ್ದು ಕೇಳೋಳಲ್ಲ, ತಿಳ್ಕೊಳ್ಳಿ. ತಂತಿ ಸರಿಯಾಗಿದ್ಯಾ ಅಂತ ಒಂಚೂರು ಕಿವಿ ಇಟ್ಟು ನೋಡ್ತೀನಿ, ಅದು ನನ್ನ ಡ್ಯೂಟಿ. ಹಾಗೆ ನೋಡುವಾಗ ಏನಾದ್ರೂ ಕಿವಿಗೆ ಬಿದ್ರೆ ನನ್ನ ಹೊಟ್ಟೇಲೇ ಇಟ್ಕೋತೀನಿ. ವಿನ್ನಿ, ನಿನ್ನ ತಂಗಿ ನಿನ್ನ ಗಂಡನ್ನ ಏನಂತ ಕರೆದ್ಲು ಅಂತ ಇವತ್ತಿನವರೆಗೂ ಯಾರ ಹತ್ರಾನಾದ್ರೂ ಬಾಯಿ ಬಿಟ್ಟಿದ್ದೀನಾ?"

"ಏನಂತ ಕರೆದ್ಲು?" ಎಂದು ಗಂಡ ಹೆಂಡತಿ ಒಟ್ಟಿಗೇ ಕೇಳಿದರು.

"ಹೇಳೋದಿಲ್ಲ. ಅದಕ್ಕೇ ಅಲ್ವಾ ನನ್ನನ್ನ ಮೊಲ ಮಾಡಿ ಮೇಲೆ ಕೂರಿಸಿರೋದು!" ಮಿಸೆಸ್ ಹ್ಯಾಲೆಟ್ ಅಳತೊಡಗಿದಳು.

ಅಳುವ ಹೆಂಗಸನ್ನು ಕಂಡರೆ ಡಿಬ್ಬೆನ್‌ನ ಬುದ್ಧಿ ಇನ್ನೂ ಬೇಗ ಕೈಕೊಡುತ್ತಿತ್ತು. "ಅಯ್ಯೋ, ಮೊಲ ಅಂದಿದ್ದು ಆ ಲೆಗ್‌ನ ಸಾಗಹಾಕೋಕೆ. ಅದು ಹಕ್ಕಿ ಕಣಮ್ಮಾ."

"ಯಾವ ಹಕ್ಕಿ?"

ನವಿಲು ನಾಲಿಗೆಯ ತುದಿಗೆ ಬಂದಿತ್ತು. ವಿನ್ನಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ನವಿಲು ಒಳಗೆ ಹೋಗಿ ಅದರ ಬದಲು ಗಿಳಿ ಹೊರಬಂತು.

ಮಿಸೆಸ್ ಹ್ಯಾಲೆಟ್ ಕಣ್ಣೊರೆಸಿಕೊಂಡು ಹೋದ ಸ್ವಲ್ಪ ಹೊತ್ತಿಗೆಲ್ಲ ಪಾದ್ರಿ ಆಬ್ರಿ ಪೆನ್ನಿಯವರು ಬಂದರು. ಸಾಧು ಮನುಷ್ಯ. ತೊಲೆಗೆ ತಲೆ ತಾಕಿದಾಗ ತೊಲೆಗೇ "ಕ್ಷಮಿಸಿ" ಎಂದವರು. ಕೂತರು. ಚಹಾದ ಬಟ್ಟಲನ್ನು ಮೂರು ಸಲ ಕಲಕಿದರು. ಸಕ್ಕರೆ ಹಾಕಿರಲಿಲ್ಲ.

"ಗಿಳಿ ಅಂತ ಕೇಳ್ದೆ, ಡಿಬ್ಬೆನ್."

"ಹೌದು ಪಾದ್ರಿಗಳೇ."

"ಒಳ್ಳೇ ಹಕ್ಕಿ. ಬೇರೆಯವರು ಹೇಳಿಕೊಟ್ಟಿದ್ದನ್ನ ಹಾಗೇ ಒಪ್ಪಿಸುತ್ತೆ." ಮತ್ತೆ ಕಲಕಿದರು. "ನಂಗಿಂತ ಹಿಂದೆ ಇದ್ದ ಪಾದ್ರಿಗಳ ಉಪದೇಶಗಳು ಬೀರುವಿನಲ್ಲಿ ಸಿಕ್ಕಿದ್ವು ಅನ್ನೋದೂ, ಹನ್ನೊಂದು ವರ್ಷದಿಂದ ನಾನು ಅವನ್ನೇ ಓದ್ತಿದ್ದೀನಿ ಅನ್ನೋದೂ... ಊರಲ್ಲಿ ಎಷ್ಟು ಜನಕ್ಕೆ ಗೊತ್ತಾಗಿದೆ?"

"ಒಬ್ರಿಗೂ ಇಲ್ಲ ಪಾದ್ರಿಗಳೇ!" ಡಿಬ್ಬೆನ್ ಮನಸಾರೆ ಸಮಾಧಾನ ಮಾಡಿದ. "ಹೇಗೆ ಗೊತ್ತಾಗುತ್ತೆ? ನೀವು ಶುರು ಮಾಡೋಷ್ಟರಲ್ಲಿ ನಮಗೆಲ್ಲ ನಿದ್ದೆ ಬಂದಿರುತ್ತಲ್ಲ."

ಪಾದ್ರಿಗಳ ಮುಖ ಸಣ್ಣದಾಯಿತು. ಡಿಬ್ಬೆನ್‌ಗೆ ಎಲ್ಲೋ ಎಡವಿದೆ ಎನಿಸಿತು. ಎಲ್ಲೆಂದು ತಿಳಿಯದೆ, "ಅಷ್ಟಕ್ಕೂ ಅದು ಗಿಳಿ ಅಲ್ಲ, ಹಕ್ಕೀನೇ ಅಲ್ಲ, ಪ್ರಾಣೀನೂ ಅಲ್ಲ," ಎಂದುಬಿಟ್ಟ.

"ಹಕ್ಕಿ ಅಲ್ಲ, ಪ್ರಾಣಿ ಅಲ್ಲ." ಪಾದ್ರಿಗಳು ಬಟ್ಟಲು ಕೆಳಗಿಟ್ಟರು. "ಹಾಗಾದ್ರೆ ಮನುಷ್ಯನಾ?"

"ಹೌದು, ಹೌದು," ಎಂದಿತು ಡಿಬ್ಬೆನ್‌ನ ಬಾಯಿ, ಹಳೆಯ ಅಭ್ಯಾಸದಿಂದ.

ಅಂದಿನಿಂದ ನೆದರ್ ಕಾಂಬ್‌ನಲ್ಲಿ ಯಾರಿಗೂ ನೆಮ್ಮದಿ ಇಲ್ಲವಾಯಿತು. ನರಿಯಾದರೆ ಒಬ್ಬರಿಗೆ, ಕುದುರೆಯಾದರೆ ಇನ್ನೊಬ್ಬರಿಗೆ ಚುಚ್ಚುತ್ತಿತ್ತು; ಮನುಷ್ಯ ಎಂದ ಮೇಲೆ ಯಾರು ಬೇಕಾದರೂ ಆಗಬಹುದಲ್ಲ! ಜನ ಬೀದಿಯಲ್ಲಿ ನಿಂತು ಮೊದಲು ಮಾಡನ್ನು, ಆಮೇಲೆ ಪಕ್ಕದವರ ಮೂಗನ್ನು ನೋಡತೊಡಗಿದರು. ಚೂಪು ಮೂಗಿನವರು ಬಿಸಿಲಲ್ಲೂ ಮಫ್ಲರ್ ಸುತ್ತಿಕೊಂಡು ಓಡಾಡಿದರು. ಡಿಬ್ಬೆನ್ ಮನೆಗೆ ಮೊಟ್ಟೆ ನಿಂತಿತು, ಮಾಂಸ ನಿಂತಿತು. ಫೋನೆತ್ತಿದರೆ ಯಾವಾಗಲೂ ಪಕ್ಕದೂರಿನ ಹೆಣದ ಪೆಟ್ಟಿಗೆ ಮಾಡುವವನಿಗೇ ಹೋಗುತ್ತಿತ್ತು. ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಮೊದಲ ಬಾರಿಗೆ ಸ್ವಂತ ಉಪದೇಶ ಮಾಡಿದರು. ವಿಷಯ: ನೆರೆಯವರನ್ನು ಗೇಲಿ ಮಾಡುವವರಿಗೆ ಕಾದಿರುವ ನರಕ. ಆ ದಿನ ಯಾರೂ ನಿದ್ದೆ ಮಾಡಲಿಲ್ಲ.

"ಅದನ್ನ ಇಳಿಸು ಆಂಬ್ರೋಸ್," ಎಂದಳು ವಿನ್ನಿ. "ಎಲೆಕೋಸು ತಿಂದು ತಿಂದು ನಂಗೆ ಸಾಕಾಗಿದೆ."

ಡಿಬ್ಬೆನ್ ಏಣಿ ಹತ್ತಿ ಸೂರಿನ ಅಂಚಿಗೆ ಕೈ ಹಾಕಿದನೋ ಇಲ್ಲವೋ, ಬೀದಿಯಲ್ಲಿ ಲೆಗ್‌ನ ಧ್ವನಿ ಕೇಳಿತು: "ನೋಡ್ರೋ, ಸಾಕ್ಷಿ ನಾಶ ಮಾಡ್ತಿದ್ದಾನೆ! ಯಾರು ಅಂತ ಹೇಳಿ ಆಮೇಲೆ ಇಳಿಸೋ!" ಇಷ್ಟು ದಿನ ಅದನ್ನು ಕಿತ್ತೆಸೆಯಬೇಕೆಂದು ಕೂಗಿದವರೆಲ್ಲ ಈಗ ಏಣಿಯ ಬುಡದಲ್ಲಿ ನಿಂತು ಅದರ ರಕ್ಷಣೆಗೆ ತೊಡಗಿದರು. ಡಿಬ್ಬೆನ್ ಬರಿಗೈಯಲ್ಲಿ ಇಳಿದ.

ಕೊನೆಗೆ ಯಾರ ಯಾರದೋ ದೂರು ಹೋಗಿ, ಜಿಲ್ಲಾ ಕಚೇರಿಯಿಂದ ಹಳೆಯ ಮನೆಗಳ ಅಧಿಕಾರಿ ಬಂದರು. ಕ್ರೆಸ್‌ವೆಲ್ ಎಂದು ಅವರ ಹೆಸರು. ಒಣಕಲು ದೇಹ, ಕೊರಳಿಗೆ ದುರ್ಬೀನು. ಹುಲ್ಲಿನ ಮನೆಗಳನ್ನು ಕಾಯುವುದಕ್ಕೆ ಸರ್ಕಾರ ನೇಮಿಸಿದ ಈ ಮಹಾನುಭಾವರಿಗೆ ಹುಲ್ಲಿನ ವಾಸನೆ ತಾಗಿದರೆ ಸೀನು. ದುರ್ಬೀನನ್ನು ಕಣ್ಣಿಗಿಟ್ಟು ಆಕೃತಿಯನ್ನು ಹಿಡಿಯುವಷ್ಟರಲ್ಲಿ ಸೀನು ಬಂದು ಚರ್ಚಿನ ಗೋಪುರವೋ ಲೆಗ್‌ನ ಕಾಡುಕೋಳಿಯೋ ಕಾಣುತ್ತಿತ್ತು. ಒಂದಿಡೀ ಬೆಳಗು ಹೀಗೆ ಒದ್ದಾಡಿ, ಸಂಜೆ ಎಲ್ಲರೂ ಊರಿನ ಸಭಾಭವನಕ್ಕೆ ಬರಬೇಕೆಂದು ಹೇಳಿದರು.

ಭವನ ತುಂಬಿ ಕಿಟಕಿಯಲ್ಲೂ ತಲೆಗಳಿದ್ದವು. ಡಿಬ್ಬೆನ್ ಮುಂದಿನ ಸಾಲಿನಲ್ಲಿ ಟೋಪಿಯನ್ನು ಮಡಿಲಲ್ಲಿಟ್ಟು ಹಿಂಡುತ್ತ ಕೂತಿದ್ದ. ಅವನ ಎರಡೂ ಪಕ್ಕದ ಕುರ್ಚಿಗಳು ಖಾಲಿ. ವಿನ್ನಿ ಕೂಡ ಹಿಂದಿನ ಸಾಲಿನಲ್ಲಿದ್ದಳು.

"ನೋಡಿ," ಎಂದು ಕ್ರೆಸ್‌ವೆಲ್ ಎದ್ದು ನಿಂತರು. "ಆ ಮನೆ ಸರ್ಕಾರ ರಕ್ಷಿಸಿರೋ ಮನೆ. ಅದರ ಮೇಲೆ ಏನಾದ್ರೂ ಇಡೋಕಾಗಲಿ, ಇಟ್ಟಿದ್ದನ್ನ ತೆಗೆಯೋಕಾಗಲಿ ನನ್ನ ಒಪ್ಪಿಗೆ ಬೇಕು. ಆ ಗೊಂಬೆಯಿಂದ ಯಾರಿಗಾದ್ರೂ ಅವಮಾನ ಆಗಿದ್ರೆ ನಾಳೆ ಬೆಳಿಗ್ಗೆನೇ ಇಳಿಸಿಬಿಡ್ತೀನಿ. ಬಂದಿರೋ ದೂರಲ್ಲಿ ಯಾವುದಕ್ಕೂ ಸಹಿ ಇಲ್ಲ. ಆದ್ದರಿಂದ ಅವಮಾನ ಆದವರು ಇಲ್ಲೇ ಎದ್ದು ನಿಂತು, ಅದು ಏನನ್ನ ಹೋಲುತ್ತೆ, ಅದರಿಂದ ತಮಗೆ ಯಾಕೆ ಅವಮಾನ, ಇಷ್ಟು ಹೇಳಿದ್ರೆ ಸಾಕು."

ಎಲ್ಲರೂ ಪಕ್ಕದವರು ಏಳಲೆಂದು ಪಕ್ಕಕ್ಕೆ ನೋಡಿದರು.

ಡಿಬ್ಬೆನ್ ಲೆಗ್‌ನ ಕಡೆ ನೋಡಿದ. ಲೆಗ್ ತನ್ನ ಉಗುರುಗಳನ್ನು ಹೊಸದಾಗಿ ಬಂದವರನ್ನು ನೋಡುವ ಹಾಗೆ ಒಂದೊಂದಾಗಿ ನೋಡುತ್ತಿದ್ದ.

"ಅಧ್ಯಕ್ಷರೇ," ಎಂದರು ಕ್ರೆಸ್‌ವೆಲ್, "ನಿಮಗೆ ಎದುರಿಗೇ ಕಾಣುತ್ತಲ್ಲ. ಏನು ಅದು?"

"ನಂಗಾ? ನಂಗೆ ಹುಲ್ಲು ಕಂಡಂಗಾಯ್ತು."

"ಮಿಸ್ ಸ್ಯಾಮ್‌ವೇಸ್?"

"ಹುಲ್ಲೇ. ಒಳ್ಳೇ ಗೋಧಿ ಹುಲ್ಲು."

"ಮಿಸೆಸ್ ಹ್ಯಾಲೆಟ್?"

"ಬೇರೆಯವರ ಮಾಡನ್ನ ತಲೆ ಎತ್ತಿ ನೋಡೋ ಚಾಳಿ ನಂಗಿಲ್ಲ ಸ್ವಾಮಿ."

ಪಾದ್ರಿಗಳು ತಾವು ಆ ಕಡೆ ಹೋಗುವಾಗ ಸಾಮಾನ್ಯವಾಗಿ ನೆಲ ನೋಡಿಕೊಂಡೇ ಹೋಗುವುದೆಂದು ತಿಳಿಸಿದರು. ಕ್ರೆಸ್‌ವೆಲ್ ಅವರಿಗೆ ತಲೆ ಕೆಟ್ಟಿತು. ಊರಿಗೆ ಊರೇ ದೂರಿದೆ, ದೂರಿದವರು ಮಾತ್ರ ಒಬ್ಬರೂ ಇಲ್ಲ. ಅವರು ಡಿಬ್ಬೆನ್ ಕಡೆ ತಿರುಗಿದರು.

"ಮನೆ ಯಜಮಾನರು ನೀವಲ್ವಾ? ನೀವೇ ಹೇಳಿಬಿಡಿ. ಏನನ್ನ ಕೂರಿಸಿದ್ರಿ?"

ಕುರ್ಚಿಗಳೆಲ್ಲ ಒಟ್ಟಿಗೆ ಕಿರುಗುಟ್ಟಿದವು. ಇಡೀ ಸಭೆ ಮುಂದಕ್ಕೆ ಬಾಗಿತ್ತು. ಡಿಬ್ಬೆನ್ ಎದ್ದ. ಯಾರಿಗೆ ಏನು ಹೇಳಿದರೆ ಸಮಾಧಾನವಾದೀತೆಂದು ಸುತ್ತ ನೋಡಿದ. ಎಲ್ಲ ಪ್ರಾಣಿಗಳೂ ಮುಗಿದುಹೋಗಿದ್ದವು.

"ನವಿಲು," ಎಂದ.

ಮೊದಲು ನಕ್ಕವಳು ವಿನ್ನಿ. ಅವನು ಹೆದರಿದ್ದಂತೆಯೇ ಬೀದಿಗೆಲ್ಲ ಕೇಳುವ ಹಾಗೆ ನಕ್ಕಳು. ಅವಳ ಹಿಂದೆ ಲೆಗ್ ನಕ್ಕ, ಮಿಸೆಸ್ ಹ್ಯಾಲೆಟ್ ನಕ್ಕಳು, ಪಾದ್ರಿಗಳು ಕರವಸ್ತ್ರ ಮುಚ್ಚಿಕೊಂಡು ನಕ್ಕರು. "ನವಿಲಂತೆ!" ಎಂದು ಒಬ್ಬರ ಬೆನ್ನನ್ನೊಬ್ಬರು ಗುದ್ದಿದರು. ನಗು ನಿಲ್ಲುವ ಹೊತ್ತಿಗೆ ಕ್ರೆಸ್‌ವೆಲ್, ಅದು ನವಿಲೆಂದೂ, ಯಾರ ಆಕ್ಷೇಪಣೆಯೂ ಇಲ್ಲವೆಂದೂ, ಇನ್ನು ಮುಂದೆ ಅದೂ ಮನೆಯ ಭಾಗವೇ ಆದ್ದರಿಂದ ಅದನ್ನು ಯಾರೂ ಮುಟ್ಟಕೂಡದೆಂದೂ ಸಾರಿ, ಸೀನುತ್ತ ಕಾರು ಹತ್ತಿದರು.

ಮಾರನೆಯ ದಿನ ಮೊಟ್ಟೆ ಬಂತು, ಮಾಂಸ ಬಂತು. ವಿನ್ನಿ ಮೊಟ್ಟೆ ಇಟ್ಟುಕೊಂಡಳು, ಸಾಸೇಜನ್ನು ನಾಯಿಗೆ ಹಾಕಿದಳು. ಊರಿನವರು ಅದನ್ನು ನವಿಲೆಂದು ನಂಬಿದರೆಂದಲ್ಲ. ಡಿಬ್ಬೆನ್ ಬಲು ಆಳದ ಮನುಷ್ಯ, ಅವನಿಗೆ ಎಲ್ಲರ ವಿಷಯವೂ ಗೊತ್ತು, ಬಾಯಿ ಮಾತ್ರ ಬಿಡುವುದಿಲ್ಲ ಎಂಬ ಹೆಸರು ಹಬ್ಬಿತು. ಜನ ಅವನಿಗೆ ದಾರಿ ಬಿಟ್ಟು ಟೋಪಿ ಎತ್ತುತ್ತಿದ್ದರು. ಡಿಬ್ಬೆನ್ ಆ ಚಳಿಗಾಲವನ್ನು ಬಹಳ ಸುಖವಾಗಿ ಕಳೆದ.

ವಸಂತದಲ್ಲಿ ಜೆಮ್ ಗಾಡಿ ಸಮೇತ ವಾಪಸ್ಸು ಬಂದ. ಈ ಸಲ ಅವನನ್ನು ಕರೆಸಿದ್ದು ಮಿಸ್ ಸ್ಯಾಮ್‌ವೇಸ್; ಅವಳ ಮನೆಯ ನೆತ್ತಿಯೂ ಸವೆದಿತ್ತು. ಡಿಬ್ಬೆನ್ ಬೇಲಿಯ ಹತ್ತಿರ ನಿಂತು, "ಜೆಮ್, ನಮ್ಮನೆ ಮೇಲೆ ಕೂರಿಸಿದ್ಯಲ್ಲ, ಅದೇನು?" ಎಂದು ಏಣಿಯ ಮೇಲಿದ್ದವನನ್ನು ಕೂಗಿ ಕೇಳಿದ. ಜೆಮ್ ಹೇಳಿದ. ಬಾಯಿತುಂಬ ಕಡ್ಡಿ ಇದ್ದುದರಿಂದ "ಹ್ಞಿಲು" ಎಂದು ಕೇಳಿಸಿತು. ಅದು ನವಿಲೂ ಇರಬಹುದು, ಅಳಿಲೂ ಇರಬಹುದು, ಇಳಿಯಲೇ ಎಂದು ಕೇಳಿದ್ದೂ ಇರಬಹುದು.

ಕೆಲಸ ಮುಗಿದ ದಿನ ಊರಿನವರೆಲ್ಲ ಮಿಸ್ ಸ್ಯಾಮ್‌ವೇಸ್‌ಳ ಗೇಟಿನ ಮುಂದೆ ಸೇರಿದ್ದರು. ಡಿಬ್ಬೆನ್‌ನೂ ದೊಡ್ಡ ಮನುಷ್ಯನ ನಡಿಗೆಯಲ್ಲಿ ಬಂದು ತಲೆ ಎತ್ತಿದ. ಎತ್ತಿದವನು ಇಳಿಸಲಿಲ್ಲ. ಅವಳ ಮಾಡಿನ ಮೇಲೆ ಎರಡು ಕಾಲಿನ ಮೇಲೆ ನಿಂತ ಒಂದು ಜೀವವಿತ್ತು. ಸ್ವಲ್ಪ ಬಾಗಿ, ಕಳ್ಳಹೆಜ್ಜೆ ಇಡುತ್ತಿತ್ತು. ಅದರ ಮೈಮೇಲೆ ಗುಂಡಗೆ, ದೊಡ್ಡದಾಗಿ, ಏನೋ ಇತ್ತು.

"ಏನದು, ಮಿಸ್ ಸ್ಯಾಮ್‌ವೇಸ್?" ಎಂದು ಕೇಳಿದ ಡಿಬ್ಬೆನ್.

"ಅಳಿಲು, ಮಿಸ್ಟರ್ ಡಿಬ್ಬೆನ್. ಕಾಯಿ ತಗೊಂಡು ಮನೆಗೆ ಹೋಗ್ತಿದೆ. ಮುದ್ದಾಗಿಲ್ವಾ?"

"ಅಳಿಲು ಕಾಯಿನ ಕೈಯಲ್ಲಿ ಹಿಡ್ಕೊಳುತ್ತೆ. ಇದು ಹೆಗಲ ಮೇಲೆ ಹೊತ್ಕೊಂಡಿದೆಯಲ್ಲ!"

"ಹೌದಾ? ನಂಗೆ ಹಾಗೆ ಕಾಣ್ಲಿಲ್ಲಪ್ಪ. ನಿಮಗ್ಯಾಕೆ ಹಾಗೆ ಕಾಣ್ಸ್ತು?"

ಹಿಂದಿನ ಶರತ್ಕಾಲದ ಸುಗ್ಗಿ ಪ್ರದರ್ಶನದಲ್ಲಿ, ಮನೆಯಲ್ಲೇ ಬೆಳೆದ ಕುಂಬಳಕಾಯಿಗಳ ವಿಭಾಗದ ಮೊದಲ ಬಹುಮಾನ ಡಿಬ್ಬೆನ್‌ಗೆ ಬಂದಿತ್ತು. ಆ ಕುಂಬಳಕಾಯಿ ಅವನು ಪಟ್ಟಣದ ಸಂತೆಯಲ್ಲಿ ಕೊಂಡದ್ದು. ಯಾರಿಗೂ ಕಾಣಬಾರದೆಂದು ಊರು ಬರುವ ಮೊದಲೇ ಬಸ್ಸಿಳಿದು, ಅದನ್ನು ಎಡ ಹೆಗಲ ಮೇಲೆ ಹೊತ್ತು, ಮಿಸ್ ಸ್ಯಾಮ್‌ವೇಸ್‌ಳ ಕೋಳಿಗೂಡಿನ ಹಿಂದಿನ ಕಾಲುದಾರಿಯಲ್ಲಿ ಬಂದಿದ್ದ. ಆ ದಾರಿಯಲ್ಲಿ ಕೋಳಿಗಳಲ್ಲದೆ ಇನ್ನೊಂದು ಜೀವ ಇರಲಿಲ್ಲವೆಂದು ಅವನು ಪ್ರಮಾಣ ಮಾಡಿ ಹೇಳಬಲ್ಲವನಾಗಿದ್ದ, ಈ ಕ್ಷಣದವರೆಗೆ.

"ಯಾಕೂ ಇಲ್ಲ," ಎಂದ ಡಿಬ್ಬೆನ್. "ಸುಮ್ನೆ ಕೇಳ್ದೆ."

ಸುತ್ತ ಏನೋ ಬದಲಾದಂತೆನಿಸಿ ತಿರುಗಿ ನೋಡಿದ. ಲೆಗ್, ಮಿಸೆಸ್ ಹ್ಯಾಲೆಟ್, ಪಾದ್ರಿಗಳು, ವಿನ್ನಿ, ಎಲ್ಲರೂ ಮಾಡನ್ನು ಬಿಟ್ಟು ಅವನನ್ನೇ ನೋಡುತ್ತಿದ್ದರು. ಯಾಕಿರಬಹುದೆಂದು ತನ್ನ ಮೈಯನ್ನು ತಾನೇ ನೋಡಿಕೊಂಡಾಗ ಅವನಿಗೆ ತಿಳಿಯಿತು: ಬಲಗೈ ಯಾವಾಗಲೋ ಮೇಲೆದ್ದು, ಅವನ ಎಡ ಹೆಗಲನ್ನು ಮುಟ್ಟಿ ಮುಟ್ಟಿ ನೋಡುತ್ತಿತ್ತು.